ಕಾಲಿಗೆ ಬಂದ ಬಾಯಿ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಮನೆಯಲ್ಲಿ ಮಂಚದ ಕೆಳಗೆ ಕೈ ಹಾಕಿ ನೋಡಿ. ಹಳೇ ಸೂಟ್‌ಕೇಸಿನ ಹಿಂದೆ, ಒಂಟಿ ಚಪ್ಪಲಿಯ ಪಕ್ಕ, ಮೈತುಂಬ ಧೂಳು ಹೊದ್ದು ಒಂದು ವಾ ಪೆಡಲ್, ಅಂದರೆ ಕಾಲಲ್ಲಿ ತುಳಿದು ಗಿಟಾರಿನ ಸದ್ದು ಬದಲಿಸುವ ಡಬ್ಬಿ, ಕೂತಿರುತ್ತದೆ. ಕೊಳ್ಳುವಾಗ ಎಲ್ಲರೂ ಆಸೆಪಟ್ಟೇ ಕೊಳ್ಳುತ್ತಾರೆ. ಮೊದಲ ವಾರವೆಲ್ಲ ಮನೆಮಂದಿಗೆ ಅದರದ್ದೇ ಕಾಟ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದಕ್ಕೆ ಮಂಚದ ಕೆಳಗೆ ಖಾಯಂ ಜಾಗ. ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ‘ಜಾಸ್ತಿ ಬಳಸಿಲ್ಲ’ ಅಂತ ಬರೆಯುತ್ತಾರಲ್ಲ, ಆ ಮಾತನ್ನು ನಾನು ಪೂರ್ತಿ ನಂಬುವುದು ವಾ ಪೆಡಲ್ ವಿಷಯದಲ್ಲಿ ಮಾತ್ರ.

ನನ್ನದು ಇನ್ನೂ ಮಂಚದ ಕೆಳಗೆ ಹೋಗಿಲ್ಲ. ಅದಕ್ಕೆ ನನ್ನ ಪ್ರತಿಭೆ ಕಾರಣವಲ್ಲ. ನಮ್ಮ ಮನೆಯದು ಬಾಕ್ಸ್ ಮಂಚ, ಕೆಳಗೆ ಜಾಗವೇ ಇಲ್ಲ.

ನೋಡದವರಿಗೆ ಹೇಳುವುದಾದರೆ, ಅದೊಂದು ಕಪ್ಪು ಬಣ್ಣದ ಎರಕದ ಡಬ್ಬಿ. ಒಂದೂವರೆ ಕೆಜಿಗೂ ಸ್ವಲ್ಪ ಜಾಸ್ತಿಯೇ ತೂಗುತ್ತದೆ. ಮೇಲೆ ಪಾದ ಹಿಡಿಸುವಷ್ಟು ಒಂದು ಹಲಗೆ, ಅದಕ್ಕೆ ಗೀರುಗೀರಾದ ರಬ್ಬರ್ ಹಾಸು. ಗಿಟಾರಿನ ಕೇಬಲ್ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೊರಟು ಸದ್ದು ಜೋರು ಮಾಡುವ ಪೆಟ್ಟಿಗೆ, ಅಂದರೆ ಆಂಪ್, ಸೇರುತ್ತದೆ. ಮುಂಗಾಲಿನಿಂದ ಜೋರಾಗಿ ಒತ್ತಿದರೆ ಕೆಳಗಿನ ಸ್ವಿಚ್ ‘ಟಕ್’ ಅನ್ನುತ್ತದೆ, ಆನ್ ಆಯಿತು. ಇನ್ನೊಮ್ಮೆ ಒತ್ತಿದರೆ ಆಫ್. ಸಾದಾ ಮಾದರಿಗಳಲ್ಲಿ ಒಂದು ಪುಟ್ಟ ದೀಪವೂ ಇರುವುದಿಲ್ಲ. ಆನ್ ಆಗಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ನುಡಿಸಿಯೇ ನೋಡಬೇಕು. ವೇದಿಕೆಯ ಮೇಲೆ ಇದು ತಮಾಷೆಯ ವಿಷಯವಲ್ಲ.

ಇದು ಮಾಡುವ ಕೆಲಸ ತಿಳಿಯಲು ಗಿಟಾರ್ ಬೇಕಾಗಿಲ್ಲ, ನಿಮ್ಮ ಬಾಯಿ ಸಾಕು. ಒಂದೇ ಶ್ರುತಿ ಹಿಡಿದು ‘ಊ’ ಅಂತ ಶುರುಮಾಡಿ. ಉಸಿರು ನಿಲ್ಲಿಸದೆ ನಿಧಾನವಾಗಿ ಬಾಯಿ ಅಗಲಿಸುತ್ತಾ ‘ಆ’ಗೆ ಬನ್ನಿ. ಗಂಟಲಿನಿಂದ ಹೊರಟ ಸ್ವರ ಒಂದೇ. ಬದಲಾದದ್ದು ಬಾಯಿಯ ಆಕಾರ. ಆ ಆಕಾರಕ್ಕೆ ತಕ್ಕಂತೆ ಸದ್ದಿನ ಒಂದೊಂದು ಭಾಗ ಉಬ್ಬಿ ಕೇಳಿಸುತ್ತದೆ, ಉಳಿದದ್ದು ಹಿಂದೆ ಸರಿಯುತ್ತದೆ. ವಾ ಪೆಡಲ್ ಕೂಡ ಇದನ್ನೇ ಮಾಡುತ್ತದೆ. ಹಿಮ್ಮಡಿ ಊರಿದರೆ ಸುಮಾರು 400 ಹರ್ಟ್ಜ್ ಆಸುಪಾಸಿನ ತಗ್ಗು ಸದ್ದು ಉಬ್ಬುತ್ತದೆ, ಮುಂಗಾಲು ಊರಿದರೆ 2000ದ ಆಸುಪಾಸಿನ ಎತ್ತರದ್ದು. ಮಾದರಿಯಿಂದ ಮಾದರಿಗೆ ಈ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ. ವೀಣೆಯ ಗಮಕದಲ್ಲಿ ಸ್ವರವೇ ಓಲಾಡುತ್ತದೆ, ಇಲ್ಲಿ ಹಾಗಲ್ಲ. ಸ್ವರ ಇದ್ದಲ್ಲೇ ಇರುತ್ತದೆ, ಅದಕ್ಕೊಂದು ಬಾಯಿ ಬರುತ್ತದೆ. ಆ ಬಾಯಿಯನ್ನು ಆಡಿಸುವುದು ಕಾಲು, ಅಷ್ಟೇ.

ಇದು ಹುಟ್ಟಿದ ಕಥೆಯಲ್ಲಿ ದೊಡ್ಡ ಕನಸುಗಳೇನೂ ಇಲ್ಲ. ಖರ್ಚು ಉಳಿಸಲು ಹೋಗಿ ಆದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಆರ್ಗನ್ ಅನ್ನುವ ಕಂಪನಿ ಇತ್ತು, ಬ್ರಿಟನ್ನಿನ ವಾಕ್ಸ್ ಆಂಪ್‌ಗಳನ್ನು ಅಲ್ಲಿಗೆ ಒಗ್ಗುವಂತೆ ತಯಾರಿಸುತ್ತಿತ್ತು. ಆಂಪ್ ಒಂದರಲ್ಲಿ ತಗ್ಗು, ಎತ್ತರಗಳ ನಡುವಿನ ಸದ್ದನ್ನು ಎತ್ತಿ ಕೊಡಲು ಮೂರು ಹಂತದ ಸ್ವಿಚ್ ಇತ್ತು. ಅದು ದುಬಾರಿ, ಬದಲಿಗೆ ವಾಲ್ಯೂಮ್ ಗುಂಡಿಯ ಹಾಗೆ ತಿರುಗಿಸುವ ಅಗ್ಗದ ಪಾಟ್ (ಪೊಟೆನ್ಶಿಯೋಮೀಟರ್) ಹಾಕೋಣ ಅಂತ ಯೋಚನೆ ಬಂತು. 1966ರಲ್ಲಿ ಆ ಕೆಲಸ ಬ್ರಾಡ್ ಪ್ಲಂಕೆಟ್ ಎಂಬ ತರುಣ ಎಂಜಿನಿಯರ್ ಪಾಲಿಗೆ ಬಿತ್ತು. ಅವನು ಪಾಟ್ ಹಾಕಿ ತಿರುಗಿಸುತ್ತಾ ಕೂತರೆ ಸದ್ದು ಮಾತಾಡಲು ಶುರುಮಾಡಿತು. ಗಿಟಾರ್ ನುಡಿಸುವವನ ಎರಡೂ ಕೈಗೆ ಕೆಲಸವಿದೆ, ಗುಂಡಿ ತಿರುಗಿಸುವವರು ಯಾರು? ಹತ್ತಿರದಲ್ಲೇ ಬಿದ್ದಿದ್ದ ಆರ್ಗನ್ನಿನ ವಾಲ್ಯೂಮ್ ಪೆಡಲ್ ಎತ್ತಿಕೊಂಡರು, ಅದರೊಳಗೆ ಈ ಸರ್ಕ್ಯೂಟ್ ತುರುಕಿದರು. ಆಯಿತು.

ಮುಂದಿನದು ಇನ್ನೂ ಸ್ವಾರಸ್ಯ. ಕಂಪನಿಯ ಮುಖ್ಯಸ್ಥ ಜೋ ಬೆನರಾನ್‌ಗೆ ಟ್ರಂಪೆಟ್, ಸ್ಯಾಕ್ಸೋಫೋನ್ ತುಂಬಿದ ಹಳೇ ಬಿಗ್ ಬ್ಯಾಂಡ್ ಸಂಗೀತದ ಹುಚ್ಚು. ಊದುವ ವಾದ್ಯದವರು ಈ ‘ವಾ ವಾ’ ಸದ್ದನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಟ್ರಂಪೆಟ್ಟಿನ ಬಾಯಿಗೆ ಒಂದು ಕಪ್ ಹಿಡಿದು ಮುಚ್ಚಿ ತೆರೆದು ಮಾಡುವುದು. ಆ ಕಪ್ ಎಷ್ಟೋ ಸಲ ಸಿಂಕ್ ಕಟ್ಟಿಕೊಂಡಾಗ ಪ್ಲಂಬರ್ ತರುತ್ತಾನಲ್ಲ, ಆ ಪಂಪಿನ ರಬ್ಬರ್ ಬಟ್ಟಲೇ ಆಗಿರುತ್ತಿತ್ತು. 1931ರಲ್ಲಿ ಕ್ಲೈಡ್ ಮೆಕಾಯ್ ಎಂಬ ಟ್ರಂಪೆಟ್ ವಾದಕ ಇದೇ ಸದ್ದಿನಿಂದ ಹೆಸರು ಮಾಡಿದ್ದ. ಹಾಗಾಗಿ 1967ರಲ್ಲಿ ಪೆಡಲ್ ಮಾರುಕಟ್ಟೆಗೆ ಬಂದಾಗ ಅದಕ್ಕೆ ಅವನದ್ದೇ ಹೆಸರಿಟ್ಟರು. ಅಡಿಯ ತಟ್ಟೆಯ ಮೇಲೆ ಅವನ ಚಿತ್ರವನ್ನೂ ಅಚ್ಚು ಹಾಕಿದರು. ಇದು ಗಿಟಾರಿಗೇ ಹೇಳಿ ಮಾಡಿಸಿದ್ದು ಅಂತ ಡೆಲ್ ಕ್ಯಾಷರ್ ಎಂಬ ಗಿಟಾರ್ ವಾದಕ ಬಾಯಿ ಬಡಿದುಕೊಂಡರೂ ಬೆನರಾನ್ ತಲೆಯಲ್ಲಿ ಟ್ರಂಪೆಟ್ಟೇ ತುಂಬಿತ್ತು. ಕೊಂಡವರು ಮಾತ್ರ ಗಿಟಾರಿನವರೇ. ಬೆನರಾನ್‌ದು ಶುದ್ಧ ಹುಚ್ಚು ಅಂತ ನಗುವ ಹಾಗೂ ಇಲ್ಲ. 1970ರ ದಶಕದಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ನಿಜವಾಗಿಯೂ ಟ್ರಂಪೆಟ್ಟನ್ನು ವಾ ಪೆಡಲ್‌ಗೆ ಜೋಡಿಸಿ ನುಡಿಸಿದ.

ಆಮೇಲಿನದು ಗಿಟಾರ್ ಲೋಕಕ್ಕೆಲ್ಲ ಗೊತ್ತಿರುವುದೇ. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತಂತಿಗಳನ್ನು ಎಡಗೈಯಲ್ಲಿ, ಅಲ್ಲಲ್ಲ, ಅವನು ಎಡಚ, ಬಲಗೈಯಲ್ಲಿ ಹಗುರವಾಗಿ ಅದುಮಿ, ಸ್ವರವೇ ಇಲ್ಲದ ಬರೀ ಕೆರೆತಕ್ಕೆ ಪೆಡಲ್ ಆಡಿಸಿ ಅದನ್ನೂ ಸಂಗೀತ ಮಾಡಿದ. 1971ರಲ್ಲಿ ಐಸಾಕ್ ಹೇಯ್ಸ್ ‘ಶಾಫ್ಟ್’ ಸಿನಿಮಾಕ್ಕೆ ಮಾಡಿದ ಹಾಡಿನಲ್ಲಿ ಗಿಟಾರ್ ವಾದಕ ಸ್ಕಿಪ್ ಪಿಟ್ಸ್ ನುಡಿಸಿದ್ದೂ ಹೀಗೇ, ಬರೀ ‘ಚಿಕಚಿಕ ಚಿಕಚಿಕ’ ಅನ್ನುವ ಸದ್ದು. ಆ ಹಾಡಿಗೆ ಆಸ್ಕರ್ ಬಂತು. ಅದಾದ ಮೇಲೆ ಅಮೆರಿಕದ ಪರದೆಯ ಮೇಲೆ ಪೊಲೀಸ್ ಕಾರು ಓಡಿದಲ್ಲೆಲ್ಲ ಹಿಂದಿನಿಂದ ಈ ಸದ್ದು ಓಡಿಬರುವುದು ಮಾಮೂಲಾಯಿತು.

ನಮ್ಮೂರಿನ ಹುಡುಗರಿಗೆ ಇದರ ಹುಚ್ಚು ಹತ್ತಿಸಿದವನು ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಅವರು ಬಂದಿದ್ದರಲ್ಲ, ಆ ಸಂಜೆಯ ಮಾತು ಬಂದರೆ ಸಾಕು, ನನ್ನ ಗೆಳೆಯನೊಬ್ಬ ಇವತ್ತಿಗೂ ಕೂತಲ್ಲೇ ಕಾಲು ಆಡಿಸತೊಡಗುತ್ತಾನೆ. ಹ್ಯಾಮೆಟ್ ಎಲ್ಲದಕ್ಕೂ ವಾ ಹಾಕುತ್ತಾನೆ ಅಂತ ಅವನ ಅಭಿಮಾನಿಗಳೇ ಗೇಲಿ ಮಾಡುವುದುಂಟು. ನನ್ನನ್ನು ಕೇಳಿದರೆ ಗೇಲಿ ಸರಿಯಾಗಿಯೇ ಇದೆ. ಆದರೆ ಒಮ್ಮೆ ಕಾಲಿಟ್ಟ ಮೇಲೆ ತೆಗೆಯುವುದು ಎಷ್ಟು ಕಷ್ಟ ಅಂತ ಇಟ್ಟವರಿಗೇ ಗೊತ್ತು.

ಕಾಲಿಡುವ ವಿಷಯಕ್ಕೇ ಬರುತ್ತೇನೆ. ನಮ್ಮ ಮನೆಯಲ್ಲಿ ತಕರಾರು ಎದ್ದದ್ದು ಸದ್ದಿನ ಬಗ್ಗೆ ಅಲ್ಲ. ಪೆಡಲ್ ಬಂದ ದಿನ ಅಜ್ಜಿ ಕುರ್ಚಿಯಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು.

“ಅದೂ ವಾದ್ಯವೇನೋ?”

“ಹೌದಜ್ಜಿ, ವಾದ್ಯದ್ದೇ ಒಂದು ಭಾಗ.”

“ಮತ್ತೆ ಕಾಲಲ್ಲಿ ತುಳೀತೀಯಲ್ಲೋ! ಸರಸ್ವತಿ ಕಣೋ ಅದು.”

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆ ನಮ್ಮದು. ಅಜ್ಜಿಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಕಾಪಾಡಿದ್ದು ತಾತ. “ಕಂಪನಿ ನಾಟಕದಲ್ಲಿ ಲೆಗ್ ಹಾರ್ಮೋನಿಯಂ ಇರ್ತಿರಲಿಲ್ವಾ? ಮೇಷ್ಟ್ರು ರಾತ್ರಿಯಿಡೀ ಎರಡೂ ಕಾಲಲ್ಲಿ ತುಳೀತಿದ್ರು. ಸರಸ್ವತಿ ಏನೂ ಅನ್ನಲಿಲ್ಲ” ಅಂದರು ಪೇಪರಿನಿಂದ ತಲೆ ಎತ್ತದೆ. ಅಜ್ಜಿ ಒಪ್ಪಿದರು ಅನ್ನುವ ಹಾಗಿಲ್ಲ. ಸುಮ್ಮನಾದರು. ನಾನು ಮಾತ್ರ ಇವತ್ತಿಗೂ ತುಳಿಯುವ ಮುಂಚೆ ಒಂದು ಸಲ ಬಗ್ಗಿ ಮುಟ್ಟುತ್ತೇನೆ. ಕೇಬಲ್ ಸರಿಯಾಗಿ ಕೂತಿದೆಯಾ ಅಂತ ನೋಡುವ ನೆಪ.

ಇನ್ನೊಂದು ಸಂಗತಿ. ಇದನ್ನು ಮಾಡಿದವರು ಶೂ ಹಾಕಿಕೊಂಡ ಕಾಲಿಗೆ ಮಾಡಿದ್ದಾರೆ. ನಾವು ಮನೆಯೊಳಗೆ ನುಡಿಸುವುದು ಬರಿಗಾಲಲ್ಲಿ. ಹಲಗೆ ಆಡಿಸಲು ಬರಿಗಾಲೇ ಒಳ್ಳೆಯದು. ಎಲ್ಲಿದೆ, ಎಷ್ಟು ಬಾಗಿದೆ ಅನ್ನುವುದು ಪಾದಕ್ಕೆ ತಾನಾಗಿ ತಿಳಿಯುತ್ತದೆ. ಶೂನಲ್ಲಿ ಆ ಸೂಕ್ಷ್ಮ ಸಿಗುವುದಿಲ್ಲ. ಕಷ್ಟ ಇರುವುದು ಸ್ವಿಚ್ಚಿನಲ್ಲಿ. ಅದಕ್ಕೆ ದೇಹದ ಭಾರವನ್ನೇ ಹಾಕಬೇಕು. ಒಂದು ಗಂಟೆ ಅಭ್ಯಾಸ ಮಾಡಿದರೆ ಹೆಬ್ಬೆರಳ ಬುಡದಲ್ಲಿ ರಬ್ಬರಿನ ಗೀರುಗಳೆಲ್ಲ ಅಚ್ಚಾಗಿರುತ್ತವೆ. ನಿಂತು ನುಡಿಸಿದರೆ ಇನ್ನೊಂದು ಕಾಲಿಗೆ ಶಿಕ್ಷೆ, ಪೂರ್ತಿ ಭಾರ ಅದರ ಮೇಲೆಯೇ.

ಇಷ್ಟೆಲ್ಲ ಸಹಿಸಿದವರೂ ಕೊನೆಗೆ ಇದನ್ನು ಮಂಚದ ಕೆಳಗೆ ತಳ್ಳುವುದೇಕೆ? ನನ್ನ ಪ್ರಕಾರ ಕಾರಣ ಒಂದೇ. ನಮ್ಮ ಕಾಲಿಗೆ ಹುಟ್ಟಿನಿಂದ ಗೊತ್ತಿರುವುದು ತಾಳ. ಸಂಗೀತ ಕೇಳಿದ ತಕ್ಷಣ ಅದು ಏಳುತ್ತದೆ, ಬೀಳುತ್ತದೆ. ಪೆಡಲ್ ಮೇಲೆ ಇಟ್ಟರೂ ಅದನ್ನೇ ಮಾಡುತ್ತದೆ. ಪ್ರತಿ ಪೆಟ್ಟಿಗೆ ಒಂದು ವಾ. ವಾಕ ವಾಕ ವಾಕ ವಾಕ. ಮೊದಲ ಹತ್ತು ನಿಮಿಷ ಸ್ವರ್ಗ, ಆಮೇಲೆ ಎಲ್ಲ ಹಾಡೂ ಒಂದೇ ಹಾಡು. ಕೈ ಏನು ನುಡಿಸಿದರೂ ಕಾಲು ಅದನ್ನು ಒಂದೇ ಅಚ್ಚಿಗೆ ಸುರಿದುಬಿಡುತ್ತದೆ. ಬೇಜಾರಾಗದೆ ಇನ್ನೇನು? ಕೈಯನ್ನು ವರ್ಷಗಟ್ಟಲೆ ಪಳಗಿಸುತ್ತೇವೆ. ಕಾಲನ್ನು ಯಾರು ಪಳಗಿಸಿದ್ದಾರೆ?

ತಾಳ ಬಿಡಿಸುವುದಕ್ಕೆ ನನಗೆ ದಾರಿ ತೋರಿಸಿದ್ದು ಬಾಯಿಯೇ. ನುಡಿಸಬೇಕಾದ ಸಾಲನ್ನು ಮೊದಲು ಹಾಡಿಕೊಳ್ಳುವುದು, ‘ಸರಿಗಮ’ ಬೇಡ, ಆಲಾಪನೆಯ ಹಾಗೆ ‘ತ ದ ರಿ ನ’ ಅಂತ. ಹಾಡುವಾಗ ಬಾಯಿ ಎಲ್ಲಿ ತೆರೆಯುತ್ತದೆ, ಎಲ್ಲಿ ಕೂಡಿಕೊಳ್ಳುತ್ತದೆ ಅಂತ ಗಮನಿಸುವುದು. ಉದ್ದದ ಸ್ವರವೊಂದಕ್ಕೆ ನಿಂತಾಗ ಬಾಯಿ ಒಂದೇ ಸಲ ತೆರೆಯುತ್ತದೆ, ಅದೂ ನಿಧಾನವಾಗಿ. ಪ್ರತಿ ಪೆಟ್ಟಿಗೂ ಬಾಯಿ ಬಡಿಯುವ ಗಾಯಕರು ಇಲ್ಲ, ಅಲ್ವಾ? ಕಾಲೂ ಅಷ್ಟೇ ಮಾಡಬೇಕು. ನಾಲ್ಕು ಪೆಟ್ಟಿನ ಸ್ವರವಾದರೆ ಹಿಮ್ಮಡಿಯಿಂದ ಮುಂಗಾಲಿಗೆ ಬರಲು ನಾಲ್ಕೂ ಪೆಟ್ಟು ತೆಗೆದುಕೊಳ್ಳಬೇಕು. ಹೇಳುವುದಕ್ಕೆ ಸುಲಭ. ಮಾಡಲು ಹೋದರೆ ಎರಡನೇ ಪೆಟ್ಟಿಗೇ ಪಾದ ಚಡಪಡಿಸುತ್ತದೆ, ತಾಳದ ಕಡೆಗೆ ಜಗ್ಗುತ್ತದೆ. ಪಾಪ, ಪೆಡಲ್‌ಗೂ ಬರುವುದು ಊ, ಆ ಎರಡೇ. ‘ರೀ’ ಅನ್ನಿಸಲು ಎಷ್ಟು ಒದ್ದಾಡಿದರೂ ‘ರಾ’ ಅಂತಲೇ ಹಟ ಹಿಡಿಯುತ್ತದೆ. ಆದರೂ ಒಮ್ಮೊಮ್ಮೆ, ಕೈ ಮತ್ತು ಕಾಲು ರಾಜಿಯಾದಾಗ, ಆಂಪಿನಿಂದ ಬರುವ ಸಾಲು ಯಾರೋ ಏನೋ ಹೇಳುತ್ತಿರುವ ಹಾಗೇ ಕೇಳಿಸುತ್ತದೆ. ಒಳಕೋಣೆಯಿಂದ “ಏನು ಕರೆದೆಯಾ?” ಅಂತ ಅಮ್ಮ ಕೇಳಿದ್ದೂ ಇದೆ. ನನಗೆ ಸಿಕ್ಕಿರುವ ದೊಡ್ಡ ವಿಮರ್ಶೆ ಅದು.

ಅಲುಗಾಡಿಸದೆ ಬಳಸುವವರೂ ಇದ್ದಾರೆ. ಹಲಗೆಯನ್ನು ಅರ್ಧಕ್ಕೆ ನಿಲ್ಲಿಸಿ ಹಾಗೇ ಬಿಡುವುದು. ಅಮೆರಿಕದ ರಾಕ್ ಗಿಟಾರ್ ವಾದಕ ಫ್ರಾಂಕ್ ಜಪ್ಪಾ ಹೀಗೆ ಮಾಡುತ್ತಿದ್ದ. ಆಗ ಗಿಟಾರ್ ಮೂಗಿನಲ್ಲಿ ಮಾತಾಡುತ್ತದೆ, ಆ ಇಕ್ಕಟ್ಟಾದ ಸದ್ದಿನಲ್ಲಿ ಏನೋ ಸೆಳೆತ ಇದೆ. ಕೇಳಲು ಸೋಮಾರಿತನ ಅನ್ನಿಸಬಹುದು. ಕಾಲನ್ನು ಸುಮ್ನೆ ಇಡುವುದು ಆಡಿಸುವುದಕ್ಕಿಂತ ಕಷ್ಟ, ಮಾಡಿ ನೋಡಿ. ಕಾಲೇ ಬೇಡ ಅನ್ನುವವರಿಗೆ ಆಟೋ ವಾ ಇದೆ, 1970ರ ದಶಕದಿಂದಲೂ. ತಂತಿಯನ್ನು ಎಷ್ಟು ಜೋರಾಗಿ ಮೀಟಿದಿರಿ ಅಂತ ನೋಡಿಕೊಂಡು ಬಾಯಿ ತಾನೇ ತೆರೆಯುತ್ತದೆ. ಕೆಟ್ಟದ್ದೇನಲ್ಲ. ನನಗೆ ರುಚಿಸುವುದಿಲ್ಲ.

ಸಾಕುವ ಖರ್ಚಿನ ವಿಷಯ. ಒಳಗೆ 9 ವೋಲ್ಟಿನ ಬ್ಯಾಟರಿ ಇದೆ. ಪೆಡಲ್ ಆಫ್ ಮಾಡಿದರೆ ಅದು ಉಳಿಯುತ್ತದೆ ಅಂದುಕೊಳ್ಳಬೇಡಿ. ಗಿಟಾರ್ ಕಡೆಯ ಕೇಬಲ್ ಚುಚ್ಚಿರುವಷ್ಟು ಹೊತ್ತೂ ಅದು ಖರ್ಚಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಕೀಳಬೇಕು. ಇನ್ನೊಂದು ಕಾಟ ಪಾಟ್‌ನದು. ಹಲಗೆಯ ಕೆಳಗೆ ಹಲ್ಲುಗಳಿರುವ ಪುಟ್ಟ ಪ್ಲಾಸ್ಟಿಕ್ ಪಟ್ಟಿ ಇದೆ, ಅದು ಮೇಲೆ ಕೆಳಗೆ ಆದಂತೆ ಒಂದು ಹಲ್ಲುಚಕ್ರ ತಿರುಗುತ್ತದೆ, ಚಕ್ರದ ಜೊತೆ ಪಾಟ್ ತಿರುಗುತ್ತದೆ. ಇಷ್ಟೇ ಯಂತ್ರ. ಪಾಟ್ ಒಳಗೆ ಧೂಳು ಸೇರಿದರೆ ‘ವಾ’ ಜೊತೆಗೆ ‘ಕರಕರ’ ಕೂಡ ಬರುತ್ತದೆ. ಬೆಂಗಳೂರಿನವರಿಗೆ ಅದಕ್ಕೆ ಮದ್ದು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ ತಂದು ಎರಡು ಸಲ ಚಿಮುಕಿಸಿ, ಹಲಗೆಯನ್ನು ಚೆನ್ನಾಗಿ ಆಡಿಸಿದರೆ ಸಾಮಾನ್ಯವಾಗಿ ಗಂಟಲು ಸರಿಹೋಗುತ್ತದೆ.

ಈ ಸಲದ ಆಯುಧಪೂಜೆಯಲ್ಲಿ ಗಿಟಾರಿಗೆ ಹೂವು ಮುಡಿಸಿ, ಸ್ಕೂಟರಿಗೆ ನಿಂಬೆಹಣ್ಣು ಇಟ್ಟು, ಪೆಡಲ್ಲನ್ನು ಹೊರಗೇ ಬಿಟ್ಟಿದ್ದೆ. ಕಾಲಲ್ಲಿ ತುಳಿಯುವುದನ್ನು ದೇವರ ಮುಂದೆ ಇಡುವುದು ಹೇಗೆ ಅಂತ ಸಂಕೋಚ. ಅಜ್ಜಿಯೇ ಕೇಳಿದರು, “ಎಲ್ಲೋ ನಿನ್ನ ತುಳಿಯೋ ಸರಸ್ವತಿ? ತಗೊಂಡು ಬಾ.” ತಂದಿಟ್ಟೆ. ರಬ್ಬರಿನ ಮೇಲೆ ಕುಂಕುಮ ಹಚ್ಚಿದರೆ ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಾಗಲಿಲ್ಲ. ಉದುರಿದಷ್ಟೂ ಹಾಕಿದರು, ಹಾಕಿದಷ್ಟೂ ಉದುರಿತು. ಮೂರನೇ ದಿನ ನುಡಿಸಲು ಕೂತರೆ ಕರಕರ. ಅಡಿ ತಟ್ಟೆ ಬಿಚ್ಚಿ ನೋಡಿದೆ, ಹಲ್ಲುಚಕ್ರದ ಒಂದೊಂದು ಹಲ್ಲೂ ಕೆಂಪು. ಸ್ಪ್ರೇ ಡಬ್ಬಿ ಬೇರೆ ಖಾಲಿಯಾಗಿದೆ. ಶನಿವಾರ ಎಸ್.ಪಿ. ರೋಡಿಗೆ ಹೋಗಬೇಕು.