ಲೇತ್ ಗೊತ್ತು ಅಂತ ಯಾಕೆ ಬರೆಯಲಿಲ್ಲ?

ಹೋದ ತಿಂಗಳು ನಮ್ಮ ಕಂಪನಿಗೆ ಮೂರು ಜನ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕತ್ತರಿಸುವ ಮಷೀನು) ಆಪರೇಟರ್ ಬೇಕಿತ್ತು. ಗೇಟಿಗೆ ಬೋರ್ಡ್ ನೇತುಹಾಕಿದೆವು, ಗೊತ್ತಿದ್ದವರ ವಾಟ್ಸಾಪ್ ಗ್ರೂಪುಗಳಿಗೂ ಕಳಿಸಿದೆವು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಈಗಲೂ ಜನ ಸಿಗುವುದು ಹೀಗೇ. ಜಾಲಹಳ್ಳಿ ಕ್ರಾಸ್‌ನಲ್ಲಿ ಮೆಟ್ರೋ ಇಳಿದು ಒಳರಸ್ತೆಗಳಲ್ಲಿ ಅರ್ಧ ಗಂಟೆ ಸುತ್ತಾಡಿದರೆ 'ಬೇಕಾಗಿದ್ದಾರೆ' ಬೋರ್ಡುಗಳು ಎಷ್ಟೋ ಗೇಟುಗಳ ಮೇಲೆ ಕಾಣುತ್ತವೆ. ನಾಲ್ಕು ದಿನಕ್ಕೆ ಇನ್ನೂರು ಚಿಲ್ಲರೆ ರೆಸ್ಯೂಮೆ ಬಂದವು. ಅರ್ಧದಷ್ಟು ವಾಚ್‌ಮನ್ ಕೈಲಿ ಕೊಟ್ಟು ಹೋದವು, ಇನ್ನರ್ಧ ಮೊಬೈಲಿಗೆ ಬಂದವು. ಕೆಲವರು ಹಾಸಿಗೆ ಮೇಲೆ ಹಾಳೆ ಇಟ್ಟು ಸೊಟ್ಟಗೆ ಫೋಟೋ ಹೊಡೆದು ಕಳಿಸಿದ್ದರು. ಬೆಡ್‌ಶೀಟಿನ ಹೂವು ಚೆನ್ನಾಗಿ ಬಂದಿತ್ತು. ಫೋನ್ ನಂಬರ್ ಮಾತ್ರ ಕಾಣುತ್ತಿರಲಿಲ್ಲ.

ನಾನು ಎಚ್‌ಆರ್ ಅಲ್ಲ, ಕ್ವಾಲಿಟಿ ವಿಭಾಗದವನು. ನಮ್ಮಂಥ ಸಣ್ಣ ಕಂಪನಿಯಲ್ಲಿ ಎಚ್‌ಆರ್ ಅಂದರೆ ಒಬ್ಬರೇ ಮೇಡಂ. ಪಿಎಫ್, ಇಎಸ್‌ಐ, ಸಂಬಳ, ರಜೆ ಎಲ್ಲ ಅವರ ತಲೆ ಮೇಲೆ. ಹಾಗಾಗಿ ರೆಸ್ಯೂಮೆಗಳನ್ನು ಮೊದಲು ಜರಡಿ ಹಿಡಿಯುವ ಕೆಲಸ ನನಗೂ ಪ್ರೊಡಕ್ಷನ್ ಸೂಪರ್‌ವೈಸರ್‌ಗೂ ಬರುತ್ತದೆ. ಅದೂ ಊಟದ ಬಿಡುವಿನಲ್ಲಿ. ಒಂದು ಕೈಯಲ್ಲಿ ಚಪಾತಿ, ಇನ್ನೊಂದು ಕೈಯಲ್ಲಿ ಯಾರದೋ ಭವಿಷ್ಯ. ಒಂದು ಹಾಳೆಗೆ ಅರ್ಧ ನಿಮಿಷ ಸಿಕ್ಕರೆ ಅದೇ ಹೆಚ್ಚು.

ಆ ಇನ್ನೂರು ಹಾಳೆಗಳಲ್ಲಿ ನೂರೈವತ್ತಾದರೂ ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆ ಇದ್ದ ಹಾಗಿದ್ದವು. ಮೇಲೆ 'ಆಬ್ಜೆಕ್ಟಿವ್' ಅಂತ ನಾಲ್ಕು ಸಾಲು. ಸವಾಲಿನ ವಾತಾವರಣದಲ್ಲಿ ಕೆಲಸ ಮಾಡಿ, ನನ್ನ ಕೌಶಲ ಬೆಳೆಸಿಕೊಂಡು, ಸಂಸ್ಥೆಯ ಏಳಿಗೆಗೆ ದುಡಿಯುತ್ತೇನೆ ಎಂಬರ್ಥದ ಇಂಗ್ಲಿಷ್. ಕೆಳಗೆ ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್. ಕೊನೆಗೆ 'ಮೇಲಿನ ಮಾಹಿತಿ ಎಲ್ಲ ಸತ್ಯ' ಎಂದು ಪ್ರಮಾಣ. ನಡುವೆ ಇರಬೇಕಾದ ಮನುಷ್ಯ ಮಾತ್ರ ನಾಪತ್ತೆ.

ಅದರಲ್ಲೊಬ್ಬ ತಿಪಟೂರಿನ ಕಡೆಯ ಹುಡುಗ. ಐಟಿಐ ಟರ್ನರ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಮಷೀನಿನ ಕೆಲಸ ಕಲಿತವನು. ರೆಸ್ಯೂಮೆಯಲ್ಲಿ ಅನುಭವ ಅನ್ನುವ ಕಡೆ 'ಫ್ರೆಶರ್' ಅಂತಷ್ಟೇ ಇತ್ತು. ನಿಜ ಹೇಳುತ್ತೇನೆ, ನಾನು ಪಕ್ಕಕ್ಕೆ ಇಟ್ಟಿದ್ದೆ. ಸೂಪರ್‌ವೈಸರ್ ಆ ಕಡೆಯವರು. 'ನಮ್ಮ ಊರಿನವನು, ಕರೀರಿ ಸಾರ್' ಅಂದರು. ಕರೆದೆವು.

ಬಂದ ಹುಡುಗ ಕೈ ಕಟ್ಟಿಕೊಂಡು ನಿಂತ. ಕೂತ್ಕೋ ಅಂದರೂ ಕೂರಲಿಲ್ಲ. ಇಂಗ್ಲಿಷ್‌ನಲ್ಲಿ 'ನಿನ್ನ ಬಗ್ಗೆ ಹೇಳು' ಅಂತ ಕೇಳಿದ್ದಕ್ಕೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ, ಅರ್ಧಕ್ಕೆ ಮರೆತು, ಬೆವರಿದ. ಸೂಪರ್‌ವೈಸರ್ ಸುಮ್ನೆ ಟೇಬಲ್ ಮೇಲಿದ್ದ ಹಳೇ ಎಚ್‌ಎಸ್‌ಎಸ್ ಟೂಲ್ (ಲೇತ್‌ನಲ್ಲಿ ಲೋಹ ಕತ್ತರಿಸುವ ಉಕ್ಕಿನ ಅಲಗು) ಒಂದನ್ನು ಅವನ ಕೈಗೆ ಕೊಟ್ಟರು. 'ಇದೇನು ಗೊತ್ತಾ?' ಹುಡುಗ ಅದನ್ನು ಬೆಳಕಿಗೆ ಹಿಡಿದ, ಹೆಬ್ಬೆರಳಿನಿಂದ ಸವರಿದ. 'ಇದು ಕಟ್ ಮಾಡಲ್ಲ ಸಾರ್. ಯಾರೋ ಗ್ರೈಂಡ್ ಮಾಡೋವಾಗ ಕ್ಲಿಯರೆನ್ಸ್ ಕೊಟ್ಟಿಲ್ಲ. ಜಾಬ್‌ಗೆ ಉಜ್ಜುತ್ತೆ' ಅಂದ. ಜಾಬ್ ಅಂದರೆ ಮಷೀನಿನಲ್ಲಿ ಕಡೆಯುತ್ತಿರುವ ತುಂಡು. ಅಲಗಿನ ಬದಿ ಅದಕ್ಕೆ ತಾಗದಂತೆ ಬಿಡುವ ಜಾಗ ಕ್ಲಿಯರೆನ್ಸ್.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಎಲ್ಲಿ ಕಲಿತೆ ಅಂತ ಕೇಳಿದರೆ, ಮಾವನದು ಲೇತ್ ಶಾಪ್ ಇದೆ ಸಾರ್ ಅಂದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅಲ್ಲಿಗೆ ಹೋದವನು ಬಿಟ್ಟೇ ಇಲ್ಲ. ಐಟಿಐ ಓದುವಾಗ ಸಂಜೆ ಹೊತ್ತು, ಮುಗಿದ ಮೇಲೆ ಇಡೀ ದಿನ. ಪಂಪ್‌ಸೆಟ್ ಶಾಫ್ಟ್, ಟ್ರ್ಯಾಕ್ಟರ್ ಬುಷ್, ತೆಂಗಿನಕಾಯಿ ಸುಲಿಯುವ ಮಷೀನಿನ ಬಿಡಿಭಾಗ. ರೈತ ಸವೆದ ಶಾಫ್ಟ್ ತಂದು ಎದುರಿಗೆ ಹಾಕುತ್ತಾನೆ. ಡ್ರಾಯಿಂಗ್ ಇಲ್ಲ, ಅಳತೆ ಇಲ್ಲ, ಸಂಜೆ ಒಳಗೆ ನೀರು ಬಿಡಬೇಕು. ಸವೆದದ್ದನ್ನು ನೋಡಿ ಹೊಸದಾಗಿದ್ದಾಗ ಎಷ್ಟಿತ್ತು ಅಂತ ಇವನೇ ಲೆಕ್ಕ ಹಾಕಬೇಕು. ಡಿಪ್ಲೊಮಾ ಮಾಡಿದ ನನಗೆ ಆ ವಯಸ್ಸಲ್ಲಿ ಇದು ಬರುತ್ತಿರಲಿಲ್ಲ. ಈಗ ಬರುತ್ತದೆಯೋ ಅನ್ನುವುದೂ ಅನುಮಾನವೇ.

'ಮತ್ತೆ ಇದನ್ನೆಲ್ಲ ಯಾಕಪ್ಪ ಬರೆಯಲಿಲ್ಲ?'

'ಅದು ಎಕ್ಸ್‌ಪೀರಿಯನ್ಸ್ ಅಲ್ಲ ಸಾರ್. ಮನೇದು.'

ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇವತ್ತು ಇಷ್ಟುದ್ದ ಬರೆಯುತ್ತಿದ್ದೇನೆ. ನಮ್ಮ ಊರುಗಳ ಹುಡುಗರು ಹುಡುಗಿಯರು ತಮಗೆ ನಿಜವಾಗಿ ಗೊತ್ತಿರುವ ಕೆಲಸವನ್ನು ಮುಚ್ಚಿಟ್ಟು, ಗೊತ್ತಿಲ್ಲದ ಇಂಗ್ಲಿಷನ್ನು ಮುಂದಿಡುತ್ತಾರೆ. ಅಪ್ಪನ ಅಂಗಡಿಯ ಲೆಕ್ಕ ಬರೆದವಳು 'ಫ್ರೆಶರ್'. ಹಾಲಿನ ಡೇರಿಯಲ್ಲಿ ಎರಡು ವರ್ಷ ಫ್ಯಾಟ್ ಟೆಸ್ಟ್ ಮಾಡಿದವನು 'ಫ್ರೆಶರ್'. ಮನೆ ಮಂದಿಯ ಕೆಲಸಕ್ಕೆ ಸರ್ಟಿಫಿಕೇಟ್ ಇಲ್ಲ, ಆದ್ದರಿಂದ ಅದು ಕೆಲಸವೇ ಅಲ್ಲ! ಈ ಪಾಠ ಯಾರು ಹೇಳಿಕೊಟ್ಟರೋ.

ನನಗೂ ಇದೇ ಆಗಿತ್ತು, ಹಾಗಾಗಿ ಅವನನ್ನು ಬೈಯುವ ಹಕ್ಕು ನನಗಿಲ್ಲ. 2009ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅರಸೀಕೆರೆಯಿಂದ ಬೆಂಗಳೂರಿಗೆ ಬಂದೆ. ಹಿಂದಿನ ವರ್ಷ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಅದರ ಬಿಸಿ ಇಲ್ಲಿಗೂ ತಟ್ಟಿತ್ತು. ಇದ್ದವರನ್ನೇ ಮನೆಗೆ ಕಳಿಸುತ್ತಿದ್ದ ಕಾಲ. ಸೈಬರ್ ಸೆಂಟರ್‌ನವನು ಕಂಪ್ಯೂಟರ್‌ನಲ್ಲಿದ್ದ ಯಾರದೋ ರೆಸ್ಯೂಮೆ ತೆಗೆದು, ಹೆಸರು ಮಾರ್ಕ್ಸ್ ಬದಲಾಯಿಸಿ, ನಲವತ್ತು ಪ್ರತಿ ಕೊಟ್ಟ. ನಾನು ಪೂರ್ತಿ ಓದಿಯೂ ನೋಡಲಿಲ್ಲ. ಒಂದು ಕಡೆ ಇಂಟರ್‌ವ್ಯೂನಲ್ಲಿ ವಯಸ್ಸಾದ ಮ್ಯಾನೇಜರ್ ಒಬ್ಬರು ಕೇಳಿದರು, 'ಗಾರ್ಡನಿಂಗ್ ಹಾಬಿ ಅಂತಿದೆ. ಏನು ಬೆಳೆದಿದ್ದೀಯಾ?' ನಾನು ಕಣ್ಣು ಕಣ್ಣು ಬಿಟ್ಟು, 'ರಾಗಿ ಸಾರ್, ಸ್ವಲ್ಪ ಹುರುಳಿ' ಅಂದೆ. ಅವರು ಕನ್ನಡಕ ತೆಗೆದು ನಕ್ಕರು. ಆ ಕೆಲಸ ಸಿಗಲಿಲ್ಲ. ನಾಲ್ಕು ವರ್ಷ ಅಣ್ಣನ ಜೊತೆ ಬೋರ್‌ವೆಲ್ ಮೋಟರ್ ರಿಪೇರಿ ಮಾಡಿದ್ದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಈಗ ಟೇಬಲ್‌ನ ಈಚೆ ಕಡೆ ಕೂತವನಾಗಿ ಹೇಳುತ್ತೇನೆ. ನಾವು ಆ ಅರ್ಧ ನಿಮಿಷದಲ್ಲಿ ಹುಡುಕುವುದು ತುಂಬಾ ಸಣ್ಣ ವಿಷಯ. ಈ ಮನುಷ್ಯ ನಮ್ಮ ಮಷೀನ್ ಮುಂದೆ ನಿಂತರೆ ಏನು ಮಾಡಬಲ್ಲ? 'ಸಿಎನ್‌ಸಿ ಜ್ಞಾನವಿದೆ' ಅಂತ ಬರೆದರೆ ನನಗೇನೂ ಗೊತ್ತಾಗುವುದಿಲ್ಲ. 'ಫ್ಯಾನುಕ್ ಕಂಟ್ರೋಲ್ ಲೇತ್‌ನಲ್ಲಿ ಆರು ತಿಂಗಳು. ಇಎನ್8 ಶಾಫ್ಟ್, 25 ಎಂಎಂ, ಪ್ಲಸ್ ಮೈನಸ್ 0.02. ಆಫ್‌ಸೆಟ್ ನಾನೇ ಕೊಡುತ್ತಿದ್ದೆ. ಪ್ರೋಗ್ರಾಂ ಬರೆಯಲು ಬರುವುದಿಲ್ಲ, ತಿದ್ದಲು ಬರುತ್ತದೆ' ಅಂತ ಇದ್ದರೆ, ಅಂದರೆ ಯಾವ ಮಷೀನು, ಯಾವ ಉಕ್ಕು, ಎಷ್ಟು ನಿಖರ ಅಳತೆ ಅಂತ ಗೊತ್ತಾದರೆ, ನಾನು ಚಪಾತಿ ಕೆಳಗಿಟ್ಟು ಫೋನ್ ಎತ್ತಿಕೊಳ್ಳುತ್ತೇನೆ. ಅದರಲ್ಲೂ ಆ ಕೊನೆಯ ಸಾಲು. ಬರುವುದಿಲ್ಲ ಅಂತ ಒಂದು ಕಡೆ ಒಪ್ಪಿಕೊಂಡವನು ಉಳಿದ ಕಡೆ ಬರುತ್ತದೆ ಅಂದದ್ದನ್ನು ನಾನು ನಂಬುತ್ತೇನೆ.

ಇನ್ನೊಂದು, ಯಾವ ಯೂಟ್ಯೂಬ್ ಗುರುವೂ ಹೇಳದ್ದು. ವಿಳಾಸ. ಶಿಫ್ಟ್ ಕೆಲಸಕ್ಕೆ ಜನ ಹುಡುಕುವಾಗ ಎಚ್‌ಆರ್ ಮೇಡಂ ಮೊದಲು ನೋಡುವುದೇ ಅದನ್ನು. ರಾಯಚೂರಿನ ವಿಳಾಸ ಇದ್ದರೆ, ಇವನು ನಾಳೆ ಎಲ್ಲಿ ಬರುತ್ತಾನೆ ಅಂತ ಪಕ್ಕಕ್ಕಿಡುತ್ತಾರೆ. ಹುಡುಗ ಮಾತ್ರ ಲಗ್ಗೆರೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಇರುತ್ತಾನೆ. 'ಸದ್ಯ ಲಗ್ಗೆರೆಯಲ್ಲಿ ಇದ್ದೇನೆ, ಯಾವ ಶಿಫ್ಟ್ ಆದರೂ ಸರಿ' ಅಂತ ಒಂದು ಸಾಲು ಬರೆಯಿರಿ.

ಮತ್ತೆ ದಯವಿಟ್ಟು ಫೋನ್ ಎತ್ತಿ. ಹತ್ತು ಜನಕ್ಕೆ ಮಾಡಿದರೆ ನಾಲ್ಕು ಜನ ಎತ್ತುವುದೇ ಇಲ್ಲ. ಲೋನ್ ಬೇಕಾ ಅಂತ ಕೇಳುವವರ ಕಾಟ ನನಗೂ ಗೊತ್ತು. ಆದರೆ ಕೆಲಸ ಹುಡುಕುವ ಎರಡು ತಿಂಗಳಾದರೂ ಆ ಕಾಟ ಸಹಿಸಿಕೊಳ್ಳಿ.

'ಇನ್‌ಫ್ಲುಯೆನ್ಸ್ ಇದ್ದರೆ ಮಾತ್ರ ಕೆಲಸ' ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಈ ಹುಡುಗನೂ ಸೂಪರ್‌ವೈಸರ್ ಊರಿನವನು ಅಂತಲೇ ಒಳಗೆ ಬಂದದ್ದು, ನಾನೇ ಹೇಳಿದೆನಲ್ಲ. ಆದರೆ ರಾಜಕಾರಣಿಯ ಪಿಎ ಫೋನ್ ಮಾಡಿಸಿದರೆ ನಮ್ಮಂಥ ಕಡೆ ಯಾರೂ ಖುಷಿಪಡುವುದಿಲ್ಲ. ನಾಳೆ ಇವನನ್ನು ಏನಾದರೂ ಅಂದರೆ ಮತ್ತೆ ಫೋನ್ ಬರುತ್ತದೆ ಅಂತ ಹೆದರುತ್ತೇವೆ. ಕೆಲಸ ಮಾಡುವ ಶಿಫಾರಸು ಬೇರೆ ತರಹದ್ದು. ಪಕ್ಕದ ಶೆಡ್‌ನಲ್ಲಿ ಇವನ ಜೊತೆ ನಿಂತು ದುಡಿದ ಸೀನಿಯರ್ ಒಬ್ಬ 'ಹುಡುಗ ರಜೆ ಹಾಕಲ್ಲ, ಅಳತೆ ನೋಡದೆ ಪೀಸ್ ಇಳಿಸಲ್ಲ' ಅಂದರೆ ಅದು ಹತ್ತು ಸರ್ಟಿಫಿಕೇಟಿಗೆ ಸಮ. ಹಾಗಂತ ಸೀನಿಯರ್‌ಗೆ 'ಅಣ್ಣಾ, ಎಲ್ಲಾದ್ರೂ ಕೆಲಸ ಇದ್ರೆ ಹೇಳಿ' ಅಂತ ಮೆಸೇಜ್ ಹಾಕಿದರೆ ಅವನೇನು ಮಾಡಬೇಕು? 'ಅಣ್ಣಾ, ನಿಮ್ಮಲ್ಲಿ ವಿಎಂಸಿ ಆಪರೇಟರ್ ಬೋರ್ಡ್ ನೋಡಿದೆ. ನಾನು ಎಂಟು ತಿಂಗಳು ವಿಎಂಸಿ ಓಡಿಸಿದ್ದೇನೆ, ಸೆಟ್ಟಿಂಗ್ ಕಲಿಯುತ್ತಿದ್ದೇನೆ. ಯಾರನ್ನು ನೋಡಬೇಕು ಅಂತ ಹೇಳಿದರೆ ಸಾಕು' ಅಂತ ಹಾಕಿ ನೋಡಿ (ವಿಎಂಸಿ ಕೂಡ ಒಂದು ಬಗೆಯ ಸಿಎನ್‌ಸಿ ಮಷೀನು). ಕೊಡುವ ಸಹಾಯ ಸಣ್ಣದಾದಷ್ಟೂ ಜನ ಬೇಗ ಕೊಡುತ್ತಾರೆ.

ಐಟಿ ಕಡೆಯ ಕಥೆ ನನಗೆ ಅಕ್ಕನ ಮಗಳಿಂದ ಗೊತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದಳು. ಎರಡು ಕಾಲಂ, ಬಣ್ಣ, ಫೋಟೋ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ, ಮದುವೆ ಕಾರ್ಡಿನ ಹಾಗೆ ಇತ್ತು ಅವಳ ರೆಸ್ಯೂಮೆ. ಅರವತ್ತು ಕಡೆ ಹಾಕಿದರೂ ಒಂದು ಕರೆ ಇಲ್ಲ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದಿ ವಿಂಗಡಿಸುವುದು ಎಟಿಎಸ್ ಅನ್ನುವ ಸಾಫ್ಟ್‌ವೇರ್ ಅಲ್ವಾ. ಅವಳ ಪಿಡಿಎಫ್ ತೆರೆದು, ಪೂರ್ತಿ ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿ ನೋಡಿದೆವು. ಎಡಗಡೆಯ ಸಾಲು ಬಲಗಡೆಯದಕ್ಕೆ ಅಂಟಿಕೊಂಡು ಚಿತ್ರಾನ್ನ ಆಗಿತ್ತು. ನಕ್ಷತ್ರಗಳು ಮಾಯ, ಫೋನ್ ನಂಬರ್ ಇದ್ದ ಚಿತ್ರವೂ ಮಾಯ. ಒಂದೇ ಕಾಲಂನಲ್ಲಿ ಸಾದಾ ಮಾಡಿಸಿದೆ. ಜಾಹೀರಾತಿನಲ್ಲಿ ಕೇಳಿದ ಕೌಶಲ ಅವಳಿಗೆ ನಿಜವಾಗಿ ಗೊತ್ತಿದ್ದರೆ, ಅದೇ ಪದದಲ್ಲಿ ಬರೆಯಲು ಹೇಳಿದೆ. ಮೂರನೇ ವಾರ ಎರಡು ಕರೆ ಬಂದವು. ಸಾದಾ ಮಾಡಿದ್ದಕ್ಕೇ ಬಂದವೋ, ಅದೃಷ್ಟವೋ, ಆಣೆ ಮಾಡಿ ಹೇಳಲಾರೆ. ಆ ನೋಟ್‌ಪ್ಯಾಡ್ ಪರೀಕ್ಷೆ ಮಾತ್ರ ಎಲ್ಲರೂ ಮಾಡಿ, ಎರಡು ನಿಮಿಷದ ಕೆಲಸ.

ಈಗ ಎಐ ಕೈಲಿ ಬರೆಸಿದ ರೆಸ್ಯೂಮೆಗಳೂ ಬರುತ್ತಿವೆ. ಇಂಗ್ಲಿಷ್ ತಪ್ಪು ತಿದ್ದಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಡಿಪ್ಲೊಮಾ ಮುಗಿಸಿ ಎರಡು ತಿಂಗಳಾದ ಹುಡುಗ 'ಉತ್ಪಾದನಾ ದಕ್ಷತೆಯನ್ನು ಶೇ. 35 ಹೆಚ್ಚಿಸಿದೆ' ಅಂತ ಬರೆದುಕೊಂಡು ಬಂದರೆ, ಹೇಗಪ್ಪಾ ಅಂತ ಕೇಳದೆ ಬಿಡುತ್ತೇವಾ? ಸುಳ್ಳು ಅನುಭವವೂ ಅಷ್ಟೇ. ಪಿಎಫ್‌ನ ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ಸಂಖ್ಯೆ) ಹಿಡಿದರೆ ಎಲ್ಲಿ ಎಷ್ಟು ದಿನ ಇದ್ದೆ ಅನ್ನುವುದು ಹೊರಬೀಳುತ್ತದೆ. ನಡುವೆ ಒಂದು ವರ್ಷ ಖಾಲಿ ಇದ್ದರೆ ಇರಲಿ ಬಿಡಿ. 'ಅಪ್ಪನಿಗೆ ಹುಷಾರಿರಲಿಲ್ಲ, ತೋಟ ನೋಡಿಕೊಂಡೆ' ಅಂತ ಬರೆದದ್ದಕ್ಕೆ ನಾನು ಯಾರನ್ನೂ ಬೇಡ ಅಂದಿಲ್ಲ.

ಒಂದು ಮಾತು ಹೇಳದೆ ಹೋದರೆ ಅನ್ಯಾಯ ಆಗುತ್ತದೆ. ಎಷ್ಟೇ ಚೆನ್ನಾಗಿ ಬರೆದರೂ ಕೆಲವರ ಹಾಳೆ ಹೆಸರಿನ ಹತ್ತಿರವೇ ನಿಂತುಬಿಡುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ಸಂಶೋಧಕರು ಒಂದೇ ತರಹದ ಓದು, ಒಂದೇ ತರಹದ ಅನುಭವ ಇಟ್ಟು, ಹೆಸರು ಮಾತ್ರ ಬದಲಾಯಿಸಿ ಭಾರತದ ಖಾಸಗಿ ಕಂಪನಿಗಳಿಗೆ ಸಾವಿರಾರು ಅರ್ಜಿ ಕಳಿಸಿ ನೋಡಿದ್ದರು. 2007ರಲ್ಲಿ ಅದು ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರುಗಳಿಗಿಂತ ದಲಿತ ಹೆಸರುಗಳಿಗೆ ಕರೆ ಕಡಿಮೆ, ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ. ಹಾಗಾಗಿ ಕರೆ ಬಾರದ ಪ್ರತಿಯೊಬ್ಬರಿಗೂ 'ನಿನ್ನ ರೆಸ್ಯೂಮೆ ಸರಿ ಇಲ್ಲ' ಅಂತ ಬುದ್ಧಿ ಹೇಳುವುದು ತಪ್ಪು. ಜರಡಿ ಹಿಡಿದವನ ಕೈಯೂ ಸರಿ ಇರಬೇಕು. ಜಾತಿ, ಧರ್ಮದ ಕಾಲಂ ಇನ್ನೂ ಕೆಲವರ ಬಯೋಡೇಟಾದಲ್ಲಿ ಇರುತ್ತದೆ. ನಮ್ಮಂಥ ಕಡೆ ಅದನ್ನು ಯಾರೂ ಕೇಳಿಲ್ಲ, ತೆಗೆದುಹಾಕಿ. ನಾನೂ 'ನಮ್ಮ ಊರಿನವನು' ಅಂದ ತಕ್ಷಣ ಪಕ್ಕಕ್ಕಿಟ್ಟ ಹಾಳೆ ವಾಪಸ್ ತೆಗೆದವನೇ. ಹಾಗೆ ಹೇಳುವವರು ಯಾರೂ ಇಲ್ಲದ ಎಷ್ಟು ಹಾಳೆಗಳು ಆ ರಾಶಿಯಲ್ಲಿ ಉಳಿದವೋ.

ದುಡ್ಡು ಕೇಳುವ ಕನ್ಸಲ್ಟೆನ್ಸಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರಿಜಿಸ್ಟ್ರೇಷನ್‌ಗೆ, ಯೂನಿಫಾರಂಗೆ ಅಂತ ಮೊದಲೇ ದುಡ್ಡು ಕೇಳಿದರೆ ಎದ್ದು ಬನ್ನಿ. ಅದರ ಬದಲು ಅಪ್ರೆಂಟಿಸ್ ಆಗಿ ಸೇರುವ ದಾರಿ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಕಂಪನಿಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್ ಕಡಿಮೆ, ನಿಜ. ಆದರೆ ಒಂದು ವರ್ಷ ಆದ ಮೇಲೆ ಹಾಳೆಯಲ್ಲಿ ಬರೆಯಲು ನಿಮ್ಮದೇ ಆದ ಮಷೀನು, ನಿಮ್ಮದೇ ಆದ ಅಳತೆ ಇರುತ್ತದೆ.

ಆ ತಿಪಟೂರಿನ ಹುಡುಗನ ವಿಷಯಕ್ಕೆ ಬರುತ್ತೇನೆ. ಫೈಲಿಗೆ ಹಾಕಲು ಸರಿಯಾದ ರೆಸ್ಯೂಮೆ ಬೇಕು ಅಂತ ಎಚ್‌ಆರ್ ಮೇಡಂ ಪಟ್ಟು ಹಿಡಿದರು. ಹಳೇ ಹಾಳೆಯ ಹಿಂಭಾಗ ತಿರುಗಿಸಿ, ಪೆನ್ ಕೊಟ್ಟು, 'ನಿನಗೆ ಬರುವುದನ್ನು ಕನ್ನಡದಲ್ಲೇ ಬರೆದುಕೊಡು, ಟೈಪ್ ಮಾಡಿಸೋಣ' ಅಂದೆ. ಕ್ಯಾಂಟೀನ್‌ನಲ್ಲಿ ಕೂತು ಅರ್ಧ ಗಂಟೆ ಬರೆದ. ಲೇತ್ ಶಾಪ್, ತಿಪಟೂರು, 4 ವರ್ಷ ಅಂತ ಇತ್ತು. ಕೊಡುವಾಗ ಯಾಕೋ ನಿಂತ. 4 ಹೊಡೆದುಹಾಕಿ 3 ಮಾಡಿದ. ಯಾಕೋ ಅಂತ ಕೇಳಿದೆ.

'ಮೊದಲನೇ ವರ್ಷ ಮಾವ ಮಷೀನ್ ಮುಟ್ಟೋಕೆ ಬಿಟ್ಟಿಲ್ಲ ಸಾರ್. ಬರೀ ಚಿಪ್ಸ್ ಗುಡಿಸಿದ್ದು.'