ಹೋಗದ ಊರಿಗೆ ಟೈಮ್‌ಟೇಬಲ್

ಜುಲೈ ಶುರುವಾದರೆ ನಮ್ಮನೆ ಫ್ರಿಜ್ ಬಾಗಿಲಿಗೆ ಒಂದು ಟೈಮ್‌ಟೇಬಲ್ ಅಂಟುತ್ತದೆ. ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ಅನ್ನೋ ಕಾಮಿಕ್ಸ್ ಜಾತ್ರೆಯದು. ನಾನು ಅಲ್ಲಿಗೆ ಹೋಗುವುದಿಲ್ಲ, ಹೋಗುವ ಲಕ್ಷಣವೂ ಇಲ್ಲ. ಆದರೂ ಯಾವ ದಿನ ಯಾವ ರೂಮು, ಎಷ್ಟು ಗಂಟೆಗೆ, ಯಾವುದನ್ನು ಬಿಟ್ಟು ಯಾವುದನ್ನು ನೋಡಬೇಕು ಅಂತ ಗೆರೆ ಎಳೆದು, ಎರಡು ಬಣ್ಣದ ಪೆನ್ನಲ್ಲಿ ಬರೆದಿರುತ್ತೇನೆ. ಹೋಗದ ಊರಿಗೆ ದಾರಿ ಕೇಳಬಾರದು ಅಂತಾರೆ. ನಾನು ದಾರಿ ಕೇಳುತ್ತಿಲ್ಲ, ಸೀದಾ ಸೀಟು ಹಿಡಿಯುತ್ತಿದ್ದೇನೆ.

ಒಮ್ಮೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆ ಆಂಟಿ ಅದನ್ನು ಪೂರ್ತಿ ಓದಿದರು. "ಗುರುವಾರ ರಾತ್ರಿ 10.30, ಹಾಲ್ ಎಚ್" ಅಂತ ಇತ್ತು. "ಆಷಾಢದಲ್ಲಿ ಯಾರ ಮದುವೆ ಇವಳೇ? ಹಾಲ್ ಎಚ್ ಅಂದ್ರೆ ಯಾವ ಛತ್ರ? ಪಾರ್ಕಿಂಗ್ ಇದೆಯಾ?" ಅಂದರು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಒಳಗಿಂದಲೇ, "ಅದು ಅಮೆರಿಕದಲ್ಲಿ ರೀ. ಇವಳನ್ನ ಕರೆದಿಲ್ಲ" ಅಂದರು.

ಇಷ್ಟು ಸರಿಯಾಗಿ ವಿಷಯ ಹೇಳಲು ನನಗೂ ಬರುತ್ತಿರಲಿಲ್ಲ.

ಈ ಜಾತ್ರೆ ಶುರುವಾದದ್ದು 1970ರಲ್ಲಿ. ಮಾರ್ಚ್‌ನಲ್ಲಿ ಯು.ಎಸ್. ಗ್ರಾಂಟ್ ಅನ್ನೋ ಹೋಟೆಲಿನಲ್ಲಿ ಒಂದು ದಿನದ ಸಣ್ಣ ಕೂಟ. ಆಮೇಲೆ ಆಗಸ್ಟ್‌ನಲ್ಲಿ ಮೂರು ದಿನದ್ದು, ಬಂದವರು ಸುಮಾರು 300 ಜನ. ಹಳೇ ಕಾಮಿಕ್ಸ್ ಮಾರೋರು, ಕೊಳ್ಳೋರು, ಅದರ ಬಗ್ಗೆ ಜಗಳ ಆಡೋರು, ಅಷ್ಟೇ. ಈಗ ಸಮುದ್ರದ ಪಕ್ಕದ ಕನ್ವೆನ್ಷನ್ ಸೆಂಟರಿನಲ್ಲಿ 1,30,000ಕ್ಕೂ ಜಾಸ್ತಿ ಜನ ಸೇರುತ್ತಾರೆ. ಗುರುವಾರದಿಂದ ಭಾನುವಾರದವರೆಗೆ, ಜೊತೆಗೆ ಬುಧವಾರ ಸಂಜೆ ಒಂದು ಮುನ್ನೋಟ. ಸಿನಿಮಾದವರು ಬಂದರು, ಟೀವಿಯವರು ಬಂದರು, ಬೊಂಬೆ ಕಂಪನಿಯವರು ಬಂದರು. ಕಾಮಿಕ್ಸ್ ಮಾರೋರು ಮೂಲೆ ಸೇರಿದರು. ಆದರೂ ಇದ್ದಾರೆ, ಅದೇ ಸಮಾಧಾನ.

ಅಲ್ಲಿಗೆ ಹೋಗೋದು ದುಡ್ಡಿನ ಪ್ರಶ್ನೆ ಮಾತ್ರ ಅಂತ ತಿಳಿದವರಿದ್ದಾರೆ. ಅಲ್ಲ. ಅದು ಪೂರ್ತಿ ಚೀಟಿ ಎತ್ತುವ ವ್ಯವಹಾರ. ಮೊದಲು ಮೆಂಬರ್ ಐಡಿ ಮಾಡಿಸಬೇಕು. ಟಿಕೆಟ್ ಬಿಡುವ ದಿನ ಕಂಪ್ಯೂಟರ್ ಮುಂದೆ ಕೂತರೆ ಅದು ಮೊದಲು ಬಂದವರಿಗೆ ಕೊಡುವುದಿಲ್ಲ, ತನಗೆ ತೋಚಿದವರನ್ನು ಒಳಗೆ ಬಿಡುತ್ತದೆ. ಟಿಕೆಟ್ ಸಿಕ್ಕಿದರೆ ಹೋಟೆಲ್ ರೂಮಿಗೂ ಅದೇ ಪಾಡು. ಅದೂ ಸಿಕ್ಕಿದರೆ ಅಲ್ಲಿ ಮಾತ್ರ ಸಿಗುವ ಬೊಂಬೆಗಳಿಗೆ ಇನ್ನೊಂದು ಚೀಟಿ, ಕೆಲವು ನಟರ ಆಟೋಗ್ರಾಫಿಗೆ ಮತ್ತೊಂದು. ನಮ್ಮ ಕಡೆಯಿಂದ ಹೋಗೋರಿಗೆ ಇದರ ಮೇಲೆ ವೀಸಾ ಬೇರೆ. ಎಲ್ಲ ಕೂಡಿ ಬಂದರೂ ಜುಲೈ ಕೊನೆಯಲ್ಲಿ ನಮ್ಮ ಆಫೀಸಿನಲ್ಲಿ ರಜ ಕೊಡುವ ಪದ್ಧತಿ ಇಲ್ಲ.

"ಬೆಂಗಳೂರಲ್ಲೇ ಕಾಮಿಕ್ ಕಾನ್ ಇದೆಯಲ್ಲ, ಅದಕ್ಕೆ ಹೋಗಬಾರದಾ?" ಅಂತ ಎಲ್ಲರೂ ಕೇಳುತ್ತಾರೆ. ಹೋಗಿದ್ದೇನೆ. ಚೆನ್ನಾಗಿದೆ. ವಿಜಯನಗರದಿಂದ ವೈಟ್‌ಫೀಲ್ಡಿಗೆ ಮೆಟ್ರೋ ಬರುವ ಮುಂಚೆ ಹೋಗಿದ್ದೆ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಟೈಮ್‌ಟೇಬಲ್ ಮಾಡುವ ಕೆಲಸ ಎರಡು ವಾರ ಮುಂಚೆಯೇ ಶುರು. ಅವರು ದಿನಕ್ಕೊಂದರಂತೆ ಕಾರ್ಯಕ್ರಮ ಪಟ್ಟಿ ಬಿಡುತ್ತಾರೆ. ಅವರ ಬೇಸಿಗೆಯಲ್ಲಿ ನಮಗೂ ಅವರಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅಂದರೆ ಲೆಕ್ಕ ಸುಲಭ: ಹಗಲನ್ನು ರಾತ್ರಿ ಮಾಡಿ ಅರ್ಧ ಗಂಟೆ ಸೇರಿಸಿದರೆ ಆಯಿತು. ಅವರು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದರೆ ನಮಗೆ ರಾತ್ರಿ ಹತ್ತೂವರೆ. ಅವರು ಸಂಜೆ ಐದಕ್ಕೆ ಕಾಫಿ ಹುಡುಕುವಾಗ ಇಲ್ಲಿ ಹಾಲಿನವನು ಬರುತ್ತಾನೆ.

ನನ್ನ ಪಟ್ಟಿಯಿಂದ ಮೊದಲು ಹೊಡೆದುಹಾಕೋದು ಹಾಲ್ ಎಚ್. ಹೌದು, ಅದನ್ನೇ. ಆಂಟಿ ಓದಿದ ವರ್ಷ ಇನ್ನೂ ಬುದ್ಧಿ ಬಂದಿರಲಿಲ್ಲ ಅನ್ನಿ. ಸುಮಾರು 6,500 ಜನ ಹಿಡಿಸುವ ಹಾಲ್ ಅದು, ದೊಡ್ಡ ದೊಡ್ಡ ಸಿನಿಮಾದವರು ಬರೋದು ಅಲ್ಲಿಗೇ. ಜನ ಹಿಂದಿನ ರಾತ್ರಿಯೇ ಹೋಗಿ ಹೊರಗೆ ಮಲಗುತ್ತಾರೆ. ಮಜಾ ಏನೆಂದರೆ, ಒಂದು ಕಾರ್ಯಕ್ರಮ ಮುಗಿದರೆ ಹಾಲ್ ಖಾಲಿ ಮಾಡಿಸುವುದಿಲ್ಲ. ಸಂಜೆಯ ಕಾರ್ಯಕ್ರಮ ಬೇಕಾದವರು ಬೆಳಿಗ್ಗೆಯೇ ಒಳಗೆ ಹೋಗಿ, ತಮಗೆ ಬೇಡದ್ದನ್ನೆಲ್ಲ ನೋಡುತ್ತಾ ಕೂತಿರುತ್ತಾರೆ. ಹೊರಗಿರುವವರು ಇವರು ಯಾವಾಗ ಏಳುತ್ತಾರೋ ಅಂತ ಕಾಯುತ್ತಿರುತ್ತಾರೆ, ನಮ್ಮ ಮದುವೆ ಊಟದಲ್ಲಿ ಮಜ್ಜಿಗೆಗೆ ಬಂದವರ ಕುರ್ಚಿ ಹಿಂದೆ ಮುಂದಿನ ಪಂಕ್ತಿಯವರು ನಿಂತಿರುತ್ತಾರಲ್ಲ, ಹಾಗೆ. ಅಷ್ಟೆಲ್ಲ ಮಾಡಿ ಅವರು ನೋಡಿದ್ದನ್ನು ಸ್ವಲ್ಪ ಹೊತ್ತಿಗೆ ನಾನು ಹಾಸಿಗೆಯಲ್ಲೇ ನೋಡುತ್ತೇನೆ. ಮುಂದಿನ ಸಾಲಿನವನ ತಲೆ ಅರ್ಧ ಅಡ್ಡ ಇರುತ್ತದೆ, ಇರಲಿ.

2024ರ ಜುಲೈ 27ರಂದು ರಾಬರ್ಟ್ ಡೌನಿ ಜೂನಿಯರ್ ಅಲ್ಲಿ ಮುಖವಾಡ ತೆಗೆದು, ಇನ್ಮೇಲೆ ಮಾರ್ವೆಲ್ ಸಿನಿಮಾದ ಖಳನಾಯಕ ಡಾಕ್ಟರ್ ಡೂಮ್ ನಾನೇ ಅಂತ ನಿಂತಾಗ ನಮಗೆ ಭಾನುವಾರ ಬೆಳಿಗ್ಗೆ. ಯಾರೋ ನಡುಗುವ ಕೈಯಲ್ಲಿ ಹಿಡಿದ ವಿಡಿಯೋ ಫೋನಿಗೆ ಬಂತು. ಒಲೆ ಮೇಲೆ ಹಾಲಿತ್ತು. ಹಾಲಿನ ಕಾವಲಿಗೆ ಯಜಮಾನರು ಇದ್ದರು. ಸೂಪರ್‌ಹೀರೋ ಅಂದರೆ ಮಾರು ದೂರ ಓಡುವ ಮನುಷ್ಯ ಅವತ್ತು ಯಾಕೋ "ಯಾರಂತೆ, ಯಾರಂತೆ?" ಅಂತ ಬಂದು ಇಣುಕಿದರು. ಮುಖವಾಡ ಮೇಲೆದ್ದಿತು. ಹಾಲೂ ಮೇಲೆದ್ದಿತು. ಮನೆಮಂದಿಯೆಲ್ಲ ಅವತ್ತು ಕಪ್ಪು ಕಾಫಿ ಕುಡಿದೆವು. ಡಾಕ್ಟರ್ ಡೂಮ್ ನಮ್ಮನೆಯಲ್ಲಿ ಮಾಡಿದ ಮೊದಲ ಹಾನಿ.

ಹಾಗಾದರೆ ನಾನು ಆರಿಸೋದು ಏನು? ಮೊದಲನೆಯದು ಬುಧವಾರ ಸಂಜೆ ಹಳೇ ಕಾಮಿಕ್ಸ್ ಮಾರುವವರ ಟೇಬಲ್‌ಗಳು. ಎಲ್ಲರೂ ಬೊಂಬೆ ಕಂಪನಿಗಳ ಕಡೆ ಓಡುವಾಗ ನಾನು ಅಲ್ಲಿ ಫ್ಯಾಂಟಮ್ ಇದ್ದಾನಾ ಅಂತ ಕೇಳುತ್ತೇನೆ. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಈ ಮುಖವಾಡದ ವೀರ ಅಮೆರಿಕದ ಕಾಮಿಕ್ಸ್‌ನವನೇ, ಆದರೆ ಅವರಿಗೆ ಅವನು ಅಷ್ಟಕ್ಕಷ್ಟೆ. ಅವನನ್ನು ತಲೆ ಮೇಲೆ ಹೊತ್ತವರು ಭಾರತದವರು, ಆಸ್ಟ್ರೇಲಿಯಾದವರು, ಸ್ವೀಡನ್ನಿನವರು. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಿದ್ದ. ಸುಧಾ ಬಂದ ಕೂಡಲೇ ಅವನ ಪುಟ ಮೊದಲು ಓದಬೇಕು ಅಂತ ನಾನು, ಅಣ್ಣ ಎಳೆದಾಡಿ ಹರಿದು, ಅಮ್ಮನ ಧಾರಾವಾಹಿ ಪುಟವೂ ಜೊತೆಗೆ ಹರಿದು, ಇಬ್ಬರಿಗೂ ಬಿದ್ದಿದೆ. ಅಂಥವನನ್ನು ಅಲ್ಲಿ ಯಾವುದೋ ಡಬ್ಬದ ತಳದಲ್ಲಿ ಹುಡುಕುವುದು ನನ್ನ ಮಟ್ಟಿಗೆ ಹಾಲ್ ಎಚ್‌ಗಿಂತ ದೊಡ್ಡ ಕಾರ್ಯಕ್ರಮ.

ಎರಡನೆಯದು ಕ್ವಿಕ್ ಡ್ರಾ. ಮಾರ್ಕ್ ಇವಾನಿಯರ್ ಅನ್ನುವವರು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ಆಟ ಇದು. ವೇದಿಕೆ ಮೇಲೆ ವ್ಯಂಗ್ಯಚಿತ್ರಕಾರರು ಕೂತಿರುತ್ತಾರೆ. ಏನೋ ಒಂದು ತಲೆಬುಡ ಇಲ್ಲದ ವಿಷಯ ಕೊಡುತ್ತಾರೆ, ಇವರು ನಿಂತ ಕಾಲಲ್ಲಿ ಗೀಚಬೇಕು, ಗೀಚುವುದು ಹಾಗೇ ದೊಡ್ಡ ಪರದೆ ಮೇಲೆ ಕಾಣುತ್ತದೆ. ಇದರಲ್ಲಿ ಕೂರುತ್ತಿದ್ದವರಲ್ಲಿ ಸೆರ್ಜಿಯೊ ಅರಗೊನೆಸ್ ಒಬ್ಬರು. ಅಮೆರಿಕದ ಮ್ಯಾಡ್ ಅನ್ನೋ ಹಾಸ್ಯ ಪತ್ರಿಕೆಯ ಪುಟದ ಅಂಚುಗಳಲ್ಲಿ, ಸಾಲುಗಳ ನಡುವೆ, ಇರುವೆ ಗಾತ್ರದ ಚಿತ್ರ ಬರೆಯುತ್ತಿದ್ದರಲ್ಲ, ಅವರೇ. ನನಗೆ ಅದನ್ನು ನೋಡಲು ಭೂತಗನ್ನಡಿ ಬೇಕಾಗುತ್ತಿತ್ತು. ಒಬ್ಬ ಮನುಷ್ಯನ ಕೈ ಬಿಳಿ ಹಾಳೆ ಮೇಲೆ ಓಡುವುದನ್ನು, ಆ ಮೂಗು ಯಾರದ್ದು ಅಂತ ಗೊತ್ತಾಗುವ ಮುಂಚೆಯೇ ಜನ ನಗುವುದನ್ನು ನೋಡಲು ನಾನು ಆರು ಸಾವಿರ ಜನರನ್ನು ದಾಟಿ ಬರುತ್ತೇನೆ. ನಮಗೆ ಅದು ಶನಿವಾರ ಮಧ್ಯರಾತ್ರಿಯ ಹೊತ್ತು. ನೇರಪ್ರಸಾರ ಇಲ್ಲ. ಆದರೂ ಟೈಮ್‌ಟೇಬಲ್‌ನಲ್ಲಿ ಬರೆದು, ಆ ಹೊತ್ತಿಗೆ ಎದ್ದಿದ್ದು, ಚಕ್ಕುಲಿ ತಿಂದು ಮಲಗುತ್ತೇನೆ.

ಶುಕ್ರವಾರ ರಾತ್ರಿಯ ಐಸ್ನರ್ ಪ್ರಶಸ್ತಿಯೂ ಪಟ್ಟಿಯಲ್ಲಿದೆ, ನಮಗೆ ಶನಿವಾರ ಬೆಳಿಗ್ಗೆ ತಿಂಡಿ ಹೊತ್ತು. ಕಾಮಿಕ್ಸ್‌ನವರಿಗೆ ಅದಕ್ಕಿಂತ ದೊಡ್ಡದಿಲ್ಲ. ಅದಕ್ಕೆ ಹೆಸರು ಕೊಟ್ಟ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಬದುಕಿದ್ದಾಗ ಅವರೇ ವೇದಿಕೆ ಮೇಲೆ ನಿಂತು ಕೊಡುತ್ತಿದ್ದರು. 2021ರಲ್ಲಿ ಮುಂಬೈಯ ಚಿತ್ರಕಾರ ಆನಂದ್ ಆರ್‌ಕೆ ಅವರಿಗೆ ಬಂತು. ನಾನು ಆ ಸುದ್ದಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಮಾವ "ಅಭಿನಂದನೆಗಳು, ನಮ್ಮ ಯಾರ ಮಗ?" ಅಂತ ಕೇಳಿದರು.

ಗ್ರೂಪಿನವರೆಲ್ಲ ಕಾಮಿಕ್-ಕಾನ್ ಬಗ್ಗೆ ತಾವಾಗಿಯೇ ಮಾತಾಡಿದ್ದು 2023ರಲ್ಲಿ ಒಂದೇ ಸಲ. ಪ್ರಭಾಸ್, ಕಮಲ್ ಹಾಸನ್ ಹಾಲ್ ಎಚ್‌ನಲ್ಲಿ ನಿಂತು ಕಲ್ಕಿ ಸಿನಿಮಾದ ತುಣುಕು ತೋರಿಸಿದ ವರ್ಷ. ಹಾಲಿವುಡ್ ನಟರ ಮುಷ್ಕರ ಅಂತ ದೀಪಿಕಾ ಪಡುಕೋಣೆ ಹೋಗಿರಲಿಲ್ಲ. ಅತ್ತೆ ಅದಕ್ಕೆ ಅವತ್ತಿಡೀ ಬೇಜಾರು ಮಾಡಿಕೊಂಡರು. ನಮ್ಮ ಬೆಂಗಳೂರಿನ ಹುಡುಗಿ ಹೋಗಲಿಲ್ಲ ಅಂತ. ಬೆಂಗಳೂರಿನ ಸೊಸೆಯೂ ಹೋಗಲಿಲ್ಲ, ಅದರ ಬಗ್ಗೆ ಯಾರೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ನಾನೂ ಒಂದು ವರ್ಷ ಹಾಜರಿ ಹಾಕಿದ್ದೇನೆ. 2020. ಕೊರೊನಾ ಅಂತ ಅವರು ಎಲ್ಲವನ್ನೂ ಆನ್‌ಲೈನ್ ಮಾಡಿ, ಮನೆಯಲ್ಲೇ ಪ್ರಿಂಟ್ ಮಾಡಿಕೊಳ್ಳಿ ಅಂತ ಬ್ಯಾಡ್ಜನ್ನೂ ಬಿಟ್ಟರು. ಚೀಟಿ ಇಲ್ಲ, ವೀಸಾ ಇಲ್ಲ. ಸರಿಯಾಗಿ ಜುಲೈ 22ರ ಬೆಳಿಗ್ಗೆ ಬೆಂಗಳೂರಿನ ಲಾಕ್‌ಡೌನ್ ತೆಗೆದರು, ಅವತ್ತೇ ಅಲ್ಲಿ ಶುರು. ಅರ್ಧ ಷಟರ್ ಎತ್ತಿದ್ದ ಜೆರಾಕ್ಸ್ ಅಂಗಡಿಗೆ ಓಡಿದೆ. ಅವನು ಮಾಸ್ಕಿನ ಮೇಲಿಂದ ಬ್ಯಾಡ್ಜನ್ನು ತಿರುಗಿಸಿ ಮುರುಗಿಸಿ ನೋಡಿದ. "ಮೇಡಂ, ಇದು ತೋರಿಸಿದ್ರೆ ಪೊಲೀಸ್ನೋರು ಬಿಡ್ತಾರಾ?" ಅಂದ. ಇದು ಬೇರೆ, ಕಾಮಿಕ್ಸ್‌ದು ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಲ್ಯಾಮಿನೇಷನ್ ಮಾಡಿ ನನ್ನ ಕೈಗೆ ಕೊಟ್ಟ, ಆಮೇಲೆ ಇರಲಿ ಅಂತ ತನಗೂ ಒಂದು ಪ್ರಿಂಟ್ ತೆಗೆದುಕೊಂಡ. ಬಣ್ಣದ್ದು. ನನಗೆ ಕೊಟ್ಟಿದ್ದು ಕಪ್ಪು ಬಿಳುಪು.

ಇನ್ನು ಪರೋಕ್ಷವಾಗಿ ಹೋದದ್ದೂ ಒಂದಿದೆ. ಚಿಕ್ಕಮ್ಮನ ಮಗ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿದ್ದಾನೆ. ನನ್ನ ಕಾಟಕ್ಕೆ ಮೆಂಬರ್ ಐಡಿ ಮಾಡಿಸಿದ. ಕಾಮಿಕ್ಸ್ ಅಂದರೆ ಏನು ಅಂತ ಗೊತ್ತಿಲ್ಲದ ಅವನಿಗೆ ಕಂಪ್ಯೂಟರ್ ಮೊದಲ ಸಲಕ್ಕೇ ಭಾನುವಾರದ ಟಿಕೆಟ್ ಕೊಟ್ಟುಬಿಟ್ಟಿತು. ಹೊಟ್ಟೆ ಉರಿ ನುಂಗಿಕೊಂಡು ಪಟ್ಟಿ ಕಳಿಸಿದೆ: ಫ್ಯಾಂಟಮ್ ಯಾವುದಾದರೂ ಸರಿ, ಚಿತ್ರಕಾರರು ಟೇಬಲ್ ಹಾಕಿಕೊಂಡು ಕೂರುವ 'ಆರ್ಟಿಸ್ಟ್ಸ್ ಆ್ಯಲಿ'ಯಿಂದ ಸಹಿ ಇರುವ ಒಂದು ಚಿತ್ರ, ಫ್ರೀಯಾಗಿ ಕೊಡುವ ಸ್ಮರಣ ಸಂಚಿಕೆ.

ಅವನು ಹೋದ. ಒಳಗೆ ಒಂದು ಉದ್ದ ಕ್ಯೂ ಕಂಡಿತಂತೆ. ಕ್ಯೂ ಕಂಡರೆ ನಿಲ್ಲುವುದು ನಮ್ಮ ರಕ್ತದಲ್ಲೇ ಇದೆ, ನಿಂತ. ಯಾತಕ್ಕೆ ಅಂತ ಮುಂದಿನವನನ್ನು ಕೇಳಿದರೆ ಅವನಿಗೂ ಗೊತ್ತಿರಲಿಲ್ಲವಂತೆ. ಊಟದ ಹೊತ್ತು ದಾಟಿ ಕ್ಯೂ ತುದಿ ಮುಟ್ಟಿದಾಗ ಒಂದು ಪಿನ್ನು ಕೊಟ್ಟು, ಯಾವುದೋ ಸೀರಿಯಲ್ ನೋಡಿ ಅಂತ ಹೇಳಿ ಕಳಿಸಿದರು. ಅಷ್ಟರಲ್ಲಿ ಮಗಳು ಅಳಲು ಶುರು ಮಾಡಿದಳು, ಮನೆಗೆ ಬಂದ.

ನನಗೆ ಬಂದದ್ದು ಆ ಪಿನ್ನು, ಮತ್ತೆ ಅಲ್ಲಿ ಎಲ್ಲರಿಗೂ ಕೊಡುವ ಆ ದೊಡ್ಡ ಚೀಲ. ಬೆನ್ನಿಗೆ ಹಾಕಿಕೊಳ್ಳಬಹುದು, ಎರಡೂ ಕಡೆ ಮಿಂಚುವ ಬಣ್ಣದ ಸೂಪರ್‌ಹೀರೋ ಚಿತ್ರ, ಒಂದು ಮಗು ಆರಾಮಾಗಿ ಒಳಗೆ ಮಲಗುವಷ್ಟು ಅಗಲ. ನಾನು ಗೋಡೆಗೆ ತೂಗುಹಾಕೋಣ ಅಂತ ಮೊಳೆ ಹುಡುಕಿ ಬರುವಷ್ಟರಲ್ಲಿ ಅಮ್ಮ ಅದರೊಳಗೆ ಎರಡು ರಜಾಯಿ, ಹಳೇ ಸೊಳ್ಳೆ ಪರದೆ ತುರುಕಿ, ಬಾಯಿ ಕಟ್ಟಿ, ಅಟ್ಟದ ಮೇಲೆ ಇಡಿಸಿದ್ದರು. ಸೂಪರ್‌ಹೀರೋನ ಮುಖ ಗೋಡೆ ಕಡೆಗೆ. ಹೋದ ವಾರ ತಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ಅಮ್ಮ ಹೇಳುತ್ತಿದ್ದರು: "ಆ ಬ್ಯಾಗ್ ತುಂಬ ಗಟ್ಟಿ ಕಣಪ್ಪ. ಮುಂದಿನ ವರ್ಷ ನೀನೂ ಹೋಗಿ ಇನ್ನೆರಡು ಇಸ್ಕೊಂಡು ಬಾ. ಇವಳದ್ದೇನೋ ಪಟ್ಟಿ ಕೊಡ್ತಾಳೆ, ಅದು ಸಿಗ್ದಿದ್ರೂ ಪರವಾಗಿಲ್ಲ."