ಮಹಿಮೆ ಇಳಿದಿದ್ದು ಮೈಕಿನ ಮೇಲಾ?

ಇವತ್ತು ಆರಾಧನೆ ಮುಗಿಸಿ ನಾವು ನಾಲ್ಕೈದು ಜನ ಹೋಟೆಲಿಗೆ ಹೋಗಿದ್ದೆವು. ಸ್ವಲ್ಪ ಹೊತ್ತಿಗೆ ಮುಂಚೆ ಸಭೆಯ ಮುಂದೆ ನಿಂತು 'ದೇವರ ಮಹಿಮೆ ನನ್ನ ಮೇಲೆ ಇಳಿಯಿತು, ಮೈಯೆಲ್ಲಾ ನಡುಗಿತು' ಅಂತ ಸಾಕ್ಷಿ ಹೇಳಿದ ಸಹೋದರರು ನನ್ನ ಎದುರಿಗೇ ಕೂತಿದ್ದರು. ನೀರು ಇಡುವ ಹುಡುಗನ ಕೈ ತಪ್ಪಿ ಎರಡು ಹನಿ ಅವರ ಬೈಬಲ್ ಕವರಿನ ಮೇಲೆ ಬಿತ್ತು. 'ಕಣ್ಣು ಕಾಣಲ್ವೇನೋ? ಕರಿಯೋ ನಿನ್ ಓನರ್‌ನ!' ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಗಾಬರಿಯಲ್ಲಿ ಅಂಗಿ ತುದಿಯಿಂದಲೇ ಒರೆಸೋಕೆ ಹೋದ. 'ಮುಟ್ಟಬೇಡ' ಅಂತ ಬೈಬಲ್ ಎಳೆದುಕೊಂಡರು. ದೋಸೆ ಬಂದ ಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಬೇರೆ! ನನಗೆ ಆಮೆನ್ ಅನ್ನೋಕೆ ಬಾಯೇ ಬರಲಿಲ್ಲ.

ಮಹಿಮೆ ಮಹಿಮೆ ಅಂತೀವಲ್ಲ, 'ನಿನ್ನ ಮಹಿಮೆಯನ್ನು ತೋರಿಸು' ಅಂತ ಇಸ್ರಾಯೇಲರ ನಾಯಕ ಮೋಶೆಯೇ ದೇವರನ್ನು ಕೇಳಿದ್ದ. ಬೈಬಲಿನ ವಿಮೋಚನಕಾಂಡ 33ನೇ ಅಧ್ಯಾಯ. ದೇವರು ಕೊಟ್ಟ ಉತ್ತರ ಏನು? ನನ್ನ ಒಳ್ಳೆಯತನವೆಲ್ಲ ನಿನ್ನ ಮುಂದೆ ಹಾದುಹೋಗುತ್ತದೆ ಅಂತ. ಮುಂದಿನ ಅಧ್ಯಾಯದಲ್ಲಿ ತನ್ನ ಹೆಸರು ಸಾರುವಾಗಲೂ ಮೊದಲು ಬರುವುದು ಕನಿಕರ, ದಯೆ, ದೀರ್ಘಶಾಂತಿ. ಮೈ ನಡುಗಿಸುವ ವಿಷಯ ಅಲ್ಲಿಲ್ಲ. ದೇವರೊಡನೆ ಮಾತಾಡಿ ಬೆಟ್ಟ ಇಳಿದು ಬರುವಾಗ ಮೋಶೆಯ ಮುಖ ಹೊಳೆಯುತ್ತಿತ್ತು, ಆದರೆ ಅದು ಅವನಿಗೇ ಗೊತ್ತಿರಲಿಲ್ಲ. ನಮ್ಮವರಿಗೋ, ಮುಖ ಹೊಳೆಯೋದಕ್ಕೆ ಮುಂಚೆಯೇ ಸ್ಟೇಟಸ್ ಹಾಕಿ ಆಗಿರುತ್ತೆ.

'ಹಾಗಾದ್ರೆ ದೇವರ ಶಕ್ತಿ, ಅದ್ಭುತ ಇದೆಲ್ಲ ಸುಳ್ಳಾ?' ಅಂತ ಕೇಳುವವರು ಇದ್ದೇ ಇರುತ್ತೀರಿ. ಸುಳ್ಳು ಅಂತ ಯಾರು ಹೇಳಿದರು? ಅಪೊಸ್ತಲ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಹಾಕಿದ್ದ ಫಿಲಿಪ್ಪಿಯ ಜೈಲನ್ನೇ ನೋಡಿ, ಅಪೊಸ್ತಲರ ಕೃತ್ಯಗಳು 16. ಮಧ್ಯರಾತ್ರಿ ಭೂಕಂಪ, ಬಾಗಿಲೆಲ್ಲ ತೆರೆದುಕೊಂಡವು, ಬೇಡಿಗಳು ಕಳಚಿದವು. ನಮ್ಮ ಸಭೆಗಳಲ್ಲಿ ಮಾಡುವ ಪ್ರಸಂಗ ಎಲ್ಲ ಅಲ್ಲಿಗೇ ನಿಲ್ಲುತ್ತೆ, ಯಾಕಂದ್ರೆ ಕಿರುಚೋಕೆ ಚೆನ್ನಾಗಿರುತ್ತೆ. ಆಮೇಲೆ ಆಗಿದ್ದೇನು? ಕೈದಿಗಳು ಓಡಿಹೋದರು ಅಂದುಕೊಂಡು ಜೈಲಿನ ಕಾವಲುಗಾರ ತನ್ನನ್ನೇ ಕೊಂದುಕೊಳ್ಳೋಕೆ ಕತ್ತಿ ಹಿರಿದ. ಪೌಲ ತಪ್ಪಿಸಿಕೊಳ್ಳುವ ಬದಲು, 'ನಾವೆಲ್ಲ ಇಲ್ಲೇ ಇದ್ದೇವೆ' ಅಂತ ಕೂಗಿ ಅವನ ಜೀವ ಉಳಿಸಿದ. ತನ್ನ ಕಾಲಿಗೆ ಕೋಳ ಹಾಕಿದವನ ಜೀವ! ಅದೇ ರಾತ್ರಿ ಆ ಮನುಷ್ಯ ಪೌಲ, ಸೀಲರ ಗಾಯ ತೊಳೆದ. ಮನೆಗೆ ಕರೆದು ಊಟ ಹಾಕಿದ. ಭೂಕಂಪದಷ್ಟೇ ದೊಡ್ಡ ಅದ್ಭುತ ಇದೂ ಅಲ್ವಾ? ಇದರ ಮೇಲೆ ಒಂದು ಉಜ್ಜೀವನ ಕೂಟ ಮಾಡಿ ನೋಡೋಣ.

ನನಗೆ ಅನ್ಯಭಾಷೆ, ಅಂದ್ರೆ ಪ್ರಾರ್ಥನೆಯಲ್ಲಿ ಆತ್ಮಪ್ರೇರಣೆಯಿಂದ ಕಲಿಯದ ಭಾಷೆ ಆಡೋದು, ಬರಲ್ಲ, ಇದು ನಿಮಗೆಲ್ಲ ಗೊತ್ತಿರೋದೇ. ಬರುವವರನ್ನು ನೋಡಿದರೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಇಲ್ಲ ಅನ್ನಲ್ಲ. ಆದರೆ ಆ ಹುಡುಗನಿಗೆ ಅನ್ಯಭಾಷೆ ಬೇಕಿರಲಿಲ್ಲ. ಕನ್ನಡದಲ್ಲೇ 'ಪರವಾಗಿಲ್ಲ ಬಿಡೋ ತಮ್ಮಾ' ಅಂದಿದ್ದರೆ ಸಾಕಿತ್ತು.

ಇನ್ನು 'ತೀರ್ಪು ಮಾಡಬೇಡಿರಿ' ಅಂತ ಮತ್ತಾಯ 7:1 ಹಾಕೋಕೆ ಬರುವವರು ದಯವಿಟ್ಟು 'ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಬಹುದು' ಅನ್ನುವ 5ನೇ ವಚನದವರೆಗೂ ಓದಿಕೊಂಡು ಬನ್ನಿ. ಕಾಯ್ತಾ ಇರ್ತೀನಿ.